ಮೇಲೆ ಹೋಗೋಕೂ ಮುಂಚೆ ನೆಲದ ಮೇಲೆ ಹುಷಾರು: ಸಣ್ಣ ವಿಮಾನ ಯಾರಿಗೂ ತಗುಲದ ಹಾಗೆ ಟ್ಯಾಕ್ಸಿ ಮಾಡೋದು ಹೇಗೆ

ಹಾಸನ ಚಿಕ್ಕಮಗಳೂರು ಕಡೆಯಿಂದ ಪೈಲಟ್ ಆಗ್ಬೇಕು ಅಂತ ಜಕ್ಕೂರಿಗೋ ಮೈಸೂರಿಗೋ, ಇನ್ನೂ ದೂರ ಬಾರಾಮತಿ ಗೊಂದಿಯಾ ಕಡೆಗೋ ಹೊರಡೋ ಹುಡುಗ್ರಿಗೆ ಹುಡುಗೀರಿಗೆ ಮನೇಲಿ ಎಲ್ಲರೂ ಹೇಳೋ ಮಾತು ಒಂದೇ, ಮೇಲೆ ಹೋದಾಗ ಹುಷಾರು ಕಣೋ, ಹುಷಾರು ಕಣೇ ಅಂತ. ಕೆಳಗೆ ಇದ್ದಾಗ ಹುಷಾರು ಅಂತ ಯಾರೂ ಹೇಳಲ್ಲ. ನೆಲದ ಮೇಲೆ ವಿಮಾನ ನಿಧಾನಕ್ಕೆ ಉರುಳ್ಕೊಂಡು ಹೋಗತ್ತೆ (ಇದಕ್ಕೇ ಟ್ಯಾಕ್ಸಿ ಮಾಡೋದು ಅಂತಾರೆ) ಅಷ್ಟೇ ಅಲ್ವಾ, ಅದ್ರಲ್ಲಿ ಏನಾಗತ್ತೆ ಅನ್ನೋ ಧೈರ್ಯ. ಆದ್ರೆ ಒಂದೇ ವಿಮಾನ ಅಪಘಾತದಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ಆಕಾಶದಲ್ಲಲ್ಲ, ನೆಲದ ಮೇಲೆ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಮಂಜು ಮುಸುಕಿದ್ದಾಗ ಒಂದೇ ರನ್‌ವೇ ಮೇಲೆ ಎರಡು ಜಂಬೋ ಜೆಟ್ ಡಿಕ್ಕಿ ಆಗಿ 583 ಜನ ಹೋದ್ರು.

ಅವು ದೊಡ್ಡ ವಿಮಾನ, ನಮ್ದು ಸೆಸ್ನಾ ಥರದ ಸಣ್ಣ ಟ್ರೈನಿಂಗ್ ವಿಮಾನ, ನಮ್ಗೇನು ಅಂದ್ಕೋಬೇಡಿ. ಕಾರಣಗಳು ಎರಡಕ್ಕೂ ಅವೇ. ಎಲ್ಲಿದ್ದೀವಿ ಅಂತ ತಪ್ಪು ತಿಳ್ಕೊಳ್ಳೋದು, ಹೇಳಿದ್ದು ಒಂದು ಕೇಳಿಸಿದ್ದು ಇನ್ನೊಂದು ಆಗೋದು, ತಲೆ ಬಗ್ಗಿಸ್ಕೊಂಡು ಏನೋ ಮಾಡ್ತಾ ಕೂತಾಗ ವಿಮಾನ ತಾನೇ ಮುಂದಕ್ಕೆ ಹೋಗೋದು. ಇವತ್ತು ಬರೀತಿರೋದು ಟ್ರೈನಿಂಗ್‌ಗೆ ಹೊಸದಾಗಿ ಸೇರ್ಕೊಂಡವರಿಗೆ, ಸೇರ್ಬೇಕು ಅಂತಿರೋವ್ರಿಗೆ. ಹಾಸನದ ಬೂವನಹಳ್ಳಿ ಏರ್‌ಪೋರ್ಟ್ ಬಗ್ಗೆ ನಮ್ಮೂರಲ್ಲಿ ವರ್ಷಗಟ್ಟಲೆ ಮಾತು ನಡೀತಾ ಬಂದಿದೆ, ಮುಂದೊಂದು ದಿನ ಅಲ್ಲೂ ಸಣ್ಣ ವಿಮಾನಗಳು ಓಡಾಡಿದ್ರೆ ಅದನ್ನ ಓಡಿಸೋರು ನೀವೇ ಆಗಿರ್ಬೋದು.

ಒಂದು ವಿಷಯ ಮೊದಲೇ ತಲೇಲಿ ಕೂರಿಸ್ಕೊಳ್ಳಿ, ಮಿಕ್ಕಿದ್ದೆಲ್ಲಾ ಅದರ ಮೇಲೇ ನಿಂತಿದೆ. ಮೇಲೆ ಹೋದ್ಮೇಲೆ ಅನುಮಾನ ಬಂತು ಅಂತ ವಿಮಾನ ನಿಲ್ಸಿ ಯೋಚ್ನೆ ಮಾಡೋಕಾಗಲ್ಲ. ನೆಲದ ಮೇಲೆ ಆಗತ್ತೆ. ಬ್ರೇಕ್ ಒತ್ತಿ, ನಿಂತ್ಕೊಂಡು, ಕೇಳಿ ತಿಳ್ಕೊಂಡು ಆಮೇಲೆ ಮುಂದಕ್ಕೆ ಹೋಗ್ಬೋದು. ಹಿಂದಿನವನು ಕಾಯ್ತಾನೆ ಕಾಯ್ಲಿ, ಟವರ್‌ನವರು (ಏರ್ ಟ್ರಾಫಿಕ್ ಕಂಟ್ರೋಲ್‌ನವರು) ಬೇಜಾರ್ ಮಾಡ್ಕೊಂಡ್ರೆ ಮಾಡ್ಕೊಳ್ಳಲಿ. ನಿಲ್ಲಬಾರದ ಜಾಗ ಅಂತ ಇರೋದು ಒಂದೇ, ರನ್‌ವೇ. ಅದರ ಬಗ್ಗೆ ಮುಂದೆ ಹೇಳ್ತೀನಿ.

ಹಿಂದಿನ ರಾತ್ರಿಯೇ ದಾರಿ ನೋಡ್ಕೊಳ್ಳಿ

ಏರ್‌ಪೋರ್ಟ್ಸ್ ಅಥಾರಿಟಿಯವರ ಎಐಪಿಯಲ್ಲಿ (ಪೈಲಟ್‌ಗಳಿಗೆ ಅಂತ ಇರೋ ಅಧಿಕೃತ ಮಾಹಿತಿ ಪುಸ್ತಕ) ಏರೋಡ್ರೋಮ್ ಚಾರ್ಟ್, ಅಂದ್ರೆ ಏರ್‌ಪೋರ್ಟಿನ ನಕ್ಷೆ ಸಿಗತ್ತೆ, ಅದನ್ನ ಮುಂದೆ ಇಟ್ಕೊಂಡು ನಿಮ್ಮ ಪಾರ್ಕಿಂಗ್ ಜಾಗದಿಂದ ರನ್‌ವೇ ತುದಿವರೆಗೂ ಬೆರಳಲ್ಲಿ ದಾರಿ ಹಿಡ್ಕೊಂಡು ಹೋಗಿ. ಎಲ್ಲಿ ತಿರುವು, ಎಲ್ಲಿ ಇನ್ನೊಂದು ಟ್ಯಾಕ್ಸಿವೇ (ರನ್‌ವೇಗೆ ಹೋಗಿ ಬರೋ ದಾರಿ) ಬಂದು ಸೇರತ್ತೆ, ರನ್‌ವೇ ದಾಟ್ಬೇಕಾ, ರನ್‌ವೇ ಮೇಲೇ ಬ್ಯಾಕ್‌ಟ್ರ್ಯಾಕ್ (ಎದುರು ದಿಕ್ಕಿಗೆ ಟ್ಯಾಕ್ಸಿ) ಮಾಡ್ಬೇಕಾ. ಕೆಲವು ಚಾರ್ಟ್‌ನಲ್ಲಿ ಹಾಟ್ ಸ್ಪಾಟ್ ಅಂತ ಗುರುತು ಹಾಕಿರ್ತಾರೆ, ಅಂದ್ರೆ ಜನ ಗೊಂದಲ ಮಾಡ್ಕೊಳ್ಳೋ ಜಾಗ ಅಂತ ಗುರುತಿಸಿರೋದು, ಅಲ್ಲಿ ಬೇರೆ ಯಾವ ಕೆಲಸಾನೂ ಇಟ್ಕೋಬೇಡಿ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸೋ ಸೂಚನೆ) ನೋಡಿ, ನಿನ್ನೆ ಓಡಾಡಿದ ಟ್ಯಾಕ್ಸಿವೇ ಇವತ್ತು ರಿಪೇರಿಗೆ ಮುಚ್ಚಿರ್ಬೋದು.

ಸೂರ್ಯನ್ನೂ ಲೆಕ್ಕಕ್ಕೆ ತಗೊಳ್ಳಿ. ರನ್‌ವೇ ನಂಬರ್ ಅಂದ್ರೆ ಅದರ ದಿಕ್ಕು, ಕಂಪಾಸ್ ಡಿಗ್ರಿಯ ಕೊನೆ ಅಂಕಿ ತೆಗೆದು ಬರೆದಿರ್ತಾರೆ. 09 ಅಂದ್ರೆ ಹೆಚ್ಚುಕಮ್ಮಿ 90 ಡಿಗ್ರಿ, ಪೂರ್ವ. ಅದೇ ರನ್‌ವೇಯ ಇನ್ನೊಂದು ತುದಿ 27, ಪಶ್ಚಿಮ. ಬೆಳಗ್ಗೆ ಮೊದಲನೇ ಸಾರ್ಟಿಯಲ್ಲಿ (ಹಾರಾಟದಲ್ಲಿ) 09 ಕಡೆ ಮುಖ ಮಾಡಿದ್ರೆ ಬಿಸಿಲು ಸೀದಾ ಕಣ್ಣಿಗೆ ಹೊಡಿಯತ್ತೆ, ಮುಂದೆ ಬಿಳಿ ಸೆಸ್ನಾ ನಿಂತಿದ್ರೂ ಕಾಣಲ್ಲ.

ಎಂಜಿನ್ ಸ್ಟಾರ್ಟ್ ಮಾಡೋಕೂ ಮುಂಚೆ

ವಿಂಡ್‌ಶೀಲ್ಡ್ ಒರೆಸಿ. ಇದನ್ನ ಸಣ್ಣ ವಿಷಯ ಅನ್ಬೇಡಿ. ರಾತ್ರಿ ಹೊರಗಡೆ ಕಟ್ಟಿರೋ ವಿಮಾನದ ಗಾಜಿನ ಮೇಲೆ ಬೆಳಗ್ಗೆ ಇಬ್ಬನಿ ಕೂತಿರತ್ತೆ, ಒಳಗಡೆಯಿಂದ ನಿಮ್ಮ ಉಸಿರಿಗೇ ಮಬ್ಬು ಬರತ್ತೆ, ಅದರ ಮೇಲೆ ಬಿಸಿಲು ಬಿದ್ರೆ ಮುಗೀತು. ಒಳಗೂ ಹೊರಗೂ ಮೆತ್ತನೆ ಬಟ್ಟೇಲಿ ಒರೆಸಿ, ನಾಲ್ಕೂ ಕಡೆ ಸ್ಪಷ್ಟವಾಗಿ ಕಾಣೋವರೆಗೂ ಚಕ್ರ ಅಲ್ಲಾಡಬಾರದು.

ಆಮೇಲೆ ವಿಮಾನದ ಸುತ್ತ ಬರೋವಾಗ ವಿಮಾನ ಮಾತ್ರ ನೋಡ್ಬೇಡಿ, ಅದರ ಸುತ್ತಲ ಜಾಗಾನೂ ನೋಡಿ. ಪಕ್ಕದ ವಿಮಾನದ ರೆಕ್ಕೆ ತುದಿ ಎಲ್ಲಿದೆ, ಫೈರ್ ಎಕ್ಸ್‌ಟಿಂಗ್ವಿಷರ್ ಟ್ರಾಲಿ ಎಲ್ಲಿ ಬಿಟ್ಟಿದ್ದಾರೆ, ಹ್ಯಾಂಗರ್ ಬಾಗಿಲು ಎಷ್ಟು ತೆರೆದಿದೆ, ಫ್ಯೂಯಲ್ ಬೌಸರ್ (ಇಂಧನದ ಟ್ಯಾಂಕರ್) ಯಾವ ಕಡೆಯಿಂದ ಬರತ್ತೆ. ಚಾಕ್ (ಚಕ್ರಕ್ಕೆ ಕೊಡೋ ಅಡ್ಡಗಟ್ಟೆ) ತೆಗೆದಿದ್ದಾರಾ, ಹಗ್ಗ ಬಿಚ್ಚಿದಾರಾ, ಮೂಗಿನ ಚಕ್ರಕ್ಕೆ ಟೋ ಬಾರ್ (ವಿಮಾನ ಎಳೆಯೋ ಕಂಬಿ) ಇನ್ನೂ ಸಿಕ್ಕಿಸಿದಾರಾ ಅಂತ ಕಣ್ಣಾರೆ ನೋಡಿ. ಪಾರ್ಕಿಂಗ್ ಬ್ರೇಕ್ ಹಾಕಿ, ಬೀಕನ್ ಲೈಟ್ ಆನ್ ಮಾಡಿ, ಕಿಟಕಿ ತೆಗೆದು ಕ್ಲಿಯರ್ ಪ್ರಾಪ್ ಅಂತ ಕೂಗಿ, ಕೂಗಿದ ತಕ್ಷಣ ಕೀ ತಿರುಗಿಸ್ಬೇಡಿ. ಕೇಳಿಸ್ಕೊಂಡವನು ದೂರ ಸರಿಯೋಕೆ ಟೈಮ್ ಬೇಕಲ್ಲ. ತಿರುಗೋ ಪ್ರೊಪೆಲ್ಲರ್ ಕಣ್ಣಿಗೆ ಕಾಣಲ್ಲ, ಅದೇ ಅದರ ಅಪಾಯ.

ಏಪ್ರನ್‌ನಲ್ಲಿ ರೆಕ್ಕೆ ಮರೀಬೇಡಿ

ಏಪ್ರನ್ ಅಂದ್ರೆ ವಿಮಾನಗಳನ್ನ ನಿಲ್ಸೋ ಅಂಗಳ. ಕಾರು ಬೈಕು ಓಡಿಸಿ ಅಭ್ಯಾಸ ಇರೋರಿಗೆ ಅಗಲದ ಅಂದಾಜು ಸಿಗೋದು ಕಷ್ಟ. ಸೆಸ್ನಾ 172 ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್, ನಿಮ್ಮ ಸೀಟಿಂದ ಒಂದೊಂದು ಕಡೆಗೂ ಐದೂವರೆ ಮೀಟರ್ ಹತ್ರ. ಡೈಮಂಡ್ ಡಿಎ 42 ಆದ್ರೆ 13 ಮೀಟರ್ ದಾಟತ್ತೆ. ಸಿಂಗಲ್ ಎಂಜಿನ್‌ನಿಂದ ಟ್ವಿನ್‌ಗೆ (ಎರಡು ಎಂಜಿನ್ನಿನದಕ್ಕೆ) ಹೋದ ಹೊಸದ್ರಲ್ಲಿ ಹಳೇ ಅಂದಾಜೇ ತಲೇಲಿ ಇರತ್ತೆ, ಜಾಗ ಸಾಕು ಅನ್ಸತ್ತೆ, ಸಾಕಾಗಿರಲ್ಲ. ರೆಕ್ಕೆ ಕೆಳಗಿರೋ ವಿಮಾನದಲ್ಲಿ ತುದಿ ಕಾಣತ್ತೆ ಆದ್ರೆ ಅದರ ಕೆಳಗಿರೋ ಕಂಬ, ಕೋನ್ ಕಾಣಲ್ಲ. ರೆಕ್ಕೆ ಮೇಲಿರೋ ಸೆಸ್ನಾದಲ್ಲಿ ಕೆಳಗಿರೋದು ಕಾಣತ್ತೆ, ರೆಕ್ಕೆ ಎತ್ತರದಲ್ಲಿರೋ ಹ್ಯಾಂಗರ್ ಬಾಗಿಲಿನ ಅಂಚು ಲೆಕ್ಕಕ್ಕೆ ಸಿಗಲ್ಲ. ತಿರುಗೋವಾಗ ಬಾಲದ ಕಡೇನೂ ಯೋಚ್ನೆ ಮಾಡಿ, ಮೂಗು ಎಡಕ್ಕೆ ತಿರುಗಿದ್ರೆ ಬಾಲ ಬಲಕ್ಕೆ ಬೀಸತ್ತೆ.

ಇಕ್ಕಟ್ಟಾದ ಜಾಗದಲ್ಲಿ ಕೆಎಸ್‌ಆರ್‌ಟಿಸಿ ಬಸ್ ರಿವರ್ಸ್ ತಗೊಳ್ಳೋವಾಗ ಕಂಡಕ್ಟರ್ ಕೆಳಗಿಳಿದು ಹಿಂದೆ ನಿಂತ್ಕೊಂಡು ವಿಸಲ್ ಹೊಡೀತಾನಲ್ಲ, ಹಾಗೇ ಜಾಗ ಕಮ್ಮಿ ಇದ್ರೆ ರೆಕ್ಕೆ ತುದಿ ಹತ್ರ ಒಬ್ಬರನ್ನ ನಡೆಸಿ. ಅದೂ ಆಗ್ಲಿಲ್ಲ ಅಂದ್ರೆ ಎಂಜಿನ್ ಆಫ್ ಮಾಡಿ, ಇಳಿದು, ಟೋ ಬಾರ್ ಹಾಕಿ ತಳ್ಳಿ. ಸಣ್ಣ ವಿಮಾನದ ಅನುಕೂಲಾನೇ ಅದು, ಇಬ್ಬರು ಸೇರಿದ್ರೆ ತಳ್ಬೋದು. ಮಾರ್ಷಲರ್ (ನೆಲದಲ್ಲಿ ನಿಂತು ಸನ್ನೆ ಮಾಡೋವನು) ಕೈ ತೋರಿಸ್ತಿದ್ದಾನೆ ಅಂತ ಕಣ್ಣು ಮುಚ್ಕೊಂಡು ನಂಬೋದೂ ಬೇಡ, ಅವನ ಕಣ್ಣಿಗೂ ಒಂದೇ ಕಡೆ ಕಾಣೋದು, ರೆಕ್ಕೆ ತಗಲತ್ತೆ ಅನ್ಸಿದ್ರೆ ಅವನು ಬಾ ಬಾ ಅಂದ್ರೂ ನಿಲ್ಸಿ.

ಟ್ಯಾಕ್ಸಿ: ಬಲಕ್ಕೆ, ಎಡಕ್ಕಲ್ಲ

ಅಲ್ಲಾಡಿದ ತಕ್ಷಣ ಬ್ರೇಕ್ ಒತ್ತಿ ಚೆಕ್ ಮಾಡಿ, ಇನ್ಸ್ಟ್ರಕ್ಟರ್ ಕಡೆ ಬ್ರೇಕೂ ಚೆಕ್ ಆಗ್ಲಿ. ಸ್ಪೀಡು ಜೋರಾಗಿ ನಡ್ಕೊಂಡು ಹೋಗೋ ಮನುಷ್ಯನಷ್ಟು, ಏಪ್ರನ್‌ನಲ್ಲಿ ಅದಕ್ಕಿಂತ ಕಮ್ಮಿ. ಥ್ರಾಟಲ್ (ಎಂಜಿನ್ ಪವರ್ ಏರಿಸೋ ಹಿಡಿ) ಜಾಸ್ತಿ ಇಟ್ಟು ಬ್ರೇಕ್ ಒತ್ಕೊಂಡು ಹೋಗೋ ಅಭ್ಯಾಸ ಕೆಲವರಿಗೆ ಇರತ್ತೆ, ಬ್ರೇಕ್ ಬಿಸಿ ಆಗಿ ನಿಜವಾಗ್ಲೂ ಬೇಕಾದಾಗ ಹಿಡಿಯಲ್ಲ. ಹಳದಿ ಗೆರೆ ಮೇಲೇ ಹೋಗಿ, ಆದ್ರೆ ಹಳದಿ ಗೆರೆ ಮೇಲಿದ್ದೀನಿ ಅಂದ ಮಾತ್ರಕ್ಕೆ ರೆಕ್ಕೆಗೆ ಜಾಗ ಇದೆ ಅಂತಲ್ಲ. ಪಕ್ಕದಲ್ಲಿ ಯಾರೋ ಗೆರೆ ದಾಟಿ ನಿಲ್ಸಿರ್ಬೋದು.

ನಮ್ಮ ರೋಡಲ್ಲಿ ಎದುರಿಂದ ಗಾಡಿ ಬಂದ್ರೆ ನಮ್ಮ ಕೈ ತಾನಾಗೇ ಎಡಕ್ಕೆ ಎಳಿಯತ್ತೆ, ಚಾರ್ಮಾಡಿ ಘಾಟಿ ಹತ್ತಿ ಇಳಿದವರಿಗಂತೂ ಅದು ರಕ್ತದಲ್ಲೇ ಇದೆ. ವಿಮಾನದಲ್ಲಿ ಅದು ಉಲ್ಟಾ. ಎರಡು ವಿಮಾನ ಎದುರುಬದುರು ಬಂದ್ರೆ ಇಬ್ಬರೂ ನಿಲ್ಲಬೇಕು, ಇಲ್ಲಾ ಜಾಗ ಇದ್ರೆ ಇಬ್ಬರೂ ತಂತಮ್ಮ ಬಲಕ್ಕೆ ಸರೀಬೇಕು. ಇದು ಅಂತಾರಾಷ್ಟ್ರೀಯ ನಿಯಮ, ಇಂಡಿಯಾದಲ್ಲೂ ಇದೇ. ಗಾಬರಿ ಆದಾಗ ಹಳೇ ಅಭ್ಯಾಸವೇ ಕೈಗೆ ಬರೋದು, ಅದಕ್ಕೇ ಬಲಕ್ಕೆ ಬಲಕ್ಕೆ ಅಂತ ಈಗಿಂದಲೇ ಬಾಯಿಪಾಠ ಆಗ್ಲಿ. ಎರಡು ದಾರಿ ಸೇರೋ ಕಡೆ ನಿಮ್ಮ ಬಲಗಡೆ ಯಾರು ಬರ್ತಿದ್ದಾರೋ ಅವರಿಗೆ ದಾರಿ ಬಿಡಿ. ಮುಂದಿನವನನ್ನ ದಾಟಿ ಹೋಗೋದಾದ್ರೆ ದೂರ ಕಾಯ್ಕೊಳ್ಳೋದು ದಾಟೋವನ ಜವಾಬ್ದಾರಿ. ಟೇಕಾಫ್ ಮಾಡ್ತಿರೋ, ಮಾಡೋಕೆ ಹೊರಟಿರೋ ವಿಮಾನಕ್ಕೆ ಟ್ಯಾಕ್ಸಿ ಮಾಡ್ತಿರೋರು ಯಾವಾಗ್ಲೂ ದಾರಿ ಬಿಡ್ಬೇಕು. ಟವರ್‌ನವರು ಬೇರೆ ಥರ ಹೇಳಿದ್ರೆ ಅವರ ಮಾತು.

ಮೈಸೂರಿನಂಥ ಕಡೆ ಎಟಿಆರ್ ಅನ್ನೋ ಪ್ಯಾಸೆಂಜರ್ ವಿಮಾನ ಕೂಡ ಬಂದು ಹೋಗತ್ತೆ. ಅದು ಪವರ್ ಹಾಕಿದಾಗ ಹಿಂದೆ ಬರೋ ಗಾಳಿಗೆ ಸೆಸ್ನಾ ಪಕ್ಕಕ್ಕೆ ತಳ್ಳಿಸ್ಕೊಂಡು ಹೋಗತ್ತೆ, ಹಾಗಾಗಿ ಅದರ ಹಿಂದೆ ಅಂಟ್ಕೊಂಡು ನಿಲ್ಲಬೇಡಿ.

ಚೆಕ್‌ಲಿಸ್ಟ್ ಓದೋದು, ಫ್ರೀಕ್ವೆನ್ಸಿ ಸೆಟ್ ಮಾಡೋದು, ಟ್ಯಾಬ್ಲೆಟ್‌ನಲ್ಲಿ ಮ್ಯಾಪ್ ಜೂಮ್ ಮಾಡೋದು, ಇವೆಲ್ಲಾ ನಿಂತಿದ್ದಾಗ ಮಾತ್ರ. ಮೊಬೈಲು ಬ್ಯಾಗ್‌ನಲ್ಲಿ. ರೀಲ್ಸ್‌ಗೆ ಅಂತ ಟ್ಯಾಕ್ಸಿ ಮಾಡ್ತಾ ಮಾಡ್ತಾ ವಿಡಿಯೋ ತೆಗೆಯೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ, ಪಕ್ಕದ ವಿಮಾನದಲ್ಲಿ ಮೊದಲನೇ ಸೋಲೋಗೆ (ಒಬ್ಬರೇ ಹಾರೋದಕ್ಕೆ) ಹೊರಟಿರೋ ಇನ್ಯಾರದೋ ಮನೆ ಮಗು ಕೂತಿರತ್ತೆ. ಇನ್ನೊಂದು, ಇಬ್ಬರು ಇದ್ದಾಗ ಇಬ್ಬರೂ ನೋಡದೇ ಇರೋದು ಸುಲಭ. ಸರ್ ನೋಡ್ತಿದ್ದಾರೆ ಅಂತ ನೀವು, ಹುಡುಗ ನೋಡ್ತಿದ್ದಾನೆ ಅಂತ ಸರ್. ತಿರುಗೋ ಪ್ರತಿ ಕಡೆ ಲೆಫ್ಟ್ ಕ್ಲಿಯರ್, ರೈಟ್ ಕ್ಲಿಯರ್ ಅಂತ ಬಾಯಿಬಿಟ್ಟು ಹೇಳಿ, ಹೇಳೋಕೂ ಮುಂಚೆ ಕತ್ತು ತಿರುಗಿಸಿ ನೋಡಿ.

ರನ್ ಅಪ್ ಮಾಡೋವಾಗ

ರನ್ ಅಪ್ ಅಂದ್ರೆ ಹೊರಡೋಕೂ ಮುಂಚೆ ನಿಂತಲ್ಲೇ ಎಂಜಿನ್ ಏರಿಸಿ ಪರೀಕ್ಷೆ ಮಾಡೋದು. ಇಲ್ಲಿ ಆಗೋ ಡಿಕ್ಕಿ ನೋಡೋಕೆ ಸಣ್ಣದು, ಆದ್ರೆ ಆಗೋದು ತುಂಬಾ ಸುಲಭ. ಮ್ಯಾಗ್ನೆಟೋ (ಎಂಜಿನ್‌ಗೆ ಕಿಡಿ ಕೊಡೋ ಭಾಗ) ಚೆಕ್‌ಗೆ ಅಂತ ಎಂಜಿನ್ನ 1,700, 1,800 ಆರ್‌ಪಿಎಂಗೆ ಏರಿಸ್ತೀರಿ, ಕಣ್ಣು ಮೀಟರ್ ಮೇಲೆ, ಕೈ ಕೀ ಮೇಲೆ, ಕಾಲು ಬ್ರೇಕ್ ಮೇಲಿದೆ ಅಂತ ನಿಮ್ಮ ನಂಬಿಕೆ. ಬ್ರೇಕ್ ಒಂಚೂರು ಸಡಿಲ ಆದ್ರೂ ವಿಮಾನ ಸದ್ದಿಲ್ಲದೆ ಮುಂದಕ್ಕೆ ಜಾರತ್ತೆ, ಎಂಜಿನ್ ಸದ್ದಿನಲ್ಲಿ ಚಕ್ರ ಉರುಳಿದ್ದು ಗೊತ್ತೇ ಆಗಲ್ಲ. ಮುಂದೆ ಇನ್ನೊಬ್ಬ ರನ್ ಅಪ್ ಮಾಡ್ತಾ ನಿಂತಿರ್ತಾನೆ, ನಿಮ್ಮ ಪ್ರೊಪೆಲ್ಲರ್ ಅವನ ಬಾಲದ ಕಡೆಗೆ.

ನಾನು ಎಲ್ಲರಿಗೂ ಹೇಳೋ ಉಪಾಯ ಒಂದಿದೆ. ಥ್ರಾಟಲ್ ಏರಿಸೋಕೂ ಮುಂಚೆ ಕಿಟಕಿ ಪಕ್ಕ ನೆಲ ನೋಡಿ, ಟಾರ್ ಬಿರುಕಿನಲ್ಲಿ ಬೆಳೆದಿರೋ ಒಂದು ಹುಲ್ಲಿನ ಗಿಡಾನೋ, ಒಂದು ಎಣ್ಣೆ ಕಲೆನೋ ಗುರುತು ಇಟ್ಕೊಳ್ಳಿ. ಮೀಟರ್ ಒಂದ್ಸಲ ನೋಡಿ, ಗುರುತು ಒಂದ್ಸಲ ನೋಡಿ. ಗುರುತು ರೆಕ್ಕೆ ಕಂಬದ ಮುಂದಿದ್ದದ್ದು ಹಿಂದೆ ಹೋಗಿದ್ರೆ ನೀವು ಜಾರ್ತಾ ಇದ್ದೀರಿ ಅಂತ, ತಕ್ಷಣ ಥ್ರಾಟಲ್ ಪೂರ್ತಿ ಹಿಂದಕ್ಕೆ. ಮುಂದಿನ ವಿಮಾನದ ಹಿಂದೆ ನೇರವಾಗಿ ನಿಲ್ಲೋ ಬದಲು ಜಾಗ ಇದ್ರೆ ಸ್ವಲ್ಪ ಓರೆಯಾಗಿ ನಿಂತ್ಕೊಳ್ಳಿ, ಜಾರಿದ್ರೂ ಹುಲ್ಲಿಗೆ ಹೋಗ್ಲಿ, ಇನ್ನೊಬ್ಬರ ಮೇಲೆ ಬೇಡ.

ಹೋಲ್ಡಿಂಗ್ ಪಾಯಿಂಟ್: ಇಡೀ ಲೇಖನದಲ್ಲಿ ಇದೊಂದು ಓದಿದ್ರೂ ಸಾಕು

ಟ್ಯಾಕ್ಸಿವೇ ಮೇಲಿನ ಗೆರೆ ಎಲ್ಲಾ ಹಳದಿ, ರನ್‌ವೇ ಮೇಲಿನ ಗೆರೆ ಎಲ್ಲಾ ಬಿಳಿ. ಟ್ಯಾಕ್ಸಿವೇ ಮುಗಿದು ರನ್‌ವೇ ಶುರುವಾಗೋ ಮುಂಚೆ ಅಡ್ಡಕ್ಕೆ ನಾಲ್ಕು ಹಳದಿ ಗೆರೆ ಇರತ್ತೆ, ಅದೇ ಹೋಲ್ಡಿಂಗ್ ಪಾಯಿಂಟ್, ಎರಡು ಪೂರ್ತಿ ಗೆರೆ, ಎರಡು ತುಂಡು ತುಂಡು ಗೆರೆ. ನಿಮ್ಗೆ ಮೊದಲು ಪೂರ್ತಿ ಗೆರೆ ಸಿಕ್ಕಿದ್ರೆ ಮುಂದೆ ರನ್‌ವೇ ಇದೆ, ಅನುಮತಿ ಇಲ್ಲದೆ ದಾಟಬಾರದು. ಮೊದಲು ತುಂಡು ಗೆರೆ ಸಿಕ್ಕಿದ್ರೆ ನೀವು ರನ್‌ವೇಯಿಂದ ಹೊರಗೆ ಬರ್ತಿದ್ದೀರಿ, ದಾಟಿ ಹೋಗ್ಲೇಬೇಕು. ಪಕ್ಕದಲ್ಲಿ ಕೆಂಪು ಬೋರ್ಡ್ ಮೇಲೆ ಬಿಳಿ ಅಕ್ಷರದಲ್ಲಿ ರನ್‌ವೇ ನಂಬರ್. ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇದ್ರೆ ನೀವು ಈಗ ಇರೋ ಜಾಗ, ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇದ್ರೆ ದಾರಿ ತೋರಿಸೋದು. ಅಡ್ಡಕ್ಕೆ ಕೆಂಪು ದೀಪದ ಸಾಲು, ಅಂದ್ರೆ ಸ್ಟಾಪ್ ಬಾರ್ ಉರೀತಿದ್ರೆ ಯಾರು ಏನೇ ಹೇಳಿದಂಗೆ ಕೇಳಿಸಿದ್ರೂ ದಾಟಬೇಡಿ, ನಿಂತು ಕೇಳಿ.

ಗೆರೆಗಿಂತ ಹಿಂದೆ ಅಂದ್ರೆ ಮೂಗಿನ ತುದಿಯೂ ಹಿಂದೆ. ಸೀಟಲ್ಲಿ ಕೂತ ನಿಮ್ಗೆ ಗೆರೆ ಕೌಲಿಂಗ್ (ಎಂಜಿನ್ ಮೇಲಿನ ಹೊದಿಕೆ) ಕೆಳಗೆ ಮರೆಯಾಯ್ತು ಅಂದ್ರೆ ಪ್ರೊಪೆಲ್ಲರ್ ಆಗ್ಲೇ ಗೆರೆ ಹತ್ರ ಬಂದಿದೆ ಅಂತ, ಸ್ವಲ್ಪ ಮುಂಚೇನೇ ನಿಲ್ಸಿ.

ಇನ್ನು ಮಾತು. ಟವರ್ ಹೇಳಿದ್ದನ್ನ ತೊಡೆಗೆ ಕಟ್ಕೊಳ್ಳೋ ನೀ-ಪ್ಯಾಡ್ ಮೇಲೆ ಬರ್ಕೊಳ್ಳಿ. ರನ್‌ವೇಗೆ ಹೋಗೋದು, ದಾಟೋದು, ಬ್ಯಾಕ್‌ಟ್ರ್ಯಾಕ್ ಮಾಡೋದು, ಲ್ಯಾಂಡಿಂಗು, ಟೇಕಾಫು, ಹೋಲ್ಡ್ ಶಾರ್ಟು (ರನ್‌ವೇ ಮುಂಚೆ ನಿಲ್ಲೋದು), ಇಷ್ಟರಲ್ಲಿ ಯಾವುದೇ ಬಂದ್ರೂ ರನ್‌ವೇ ನಂಬರ್ ಮತ್ತೆ ನಿಮ್ಮ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಹೆಸರು) ಸಮೇತ ಪೂರ್ತಿ ರೀಡ್‌ಬ್ಯಾಕ್ ಮಾಡ್ಲೇಬೇಕು, ಅಂದ್ರೆ ಅವರು ಹೇಳಿದ್ದನ್ನೇ ತಿರುಗಿ ಹೇಳ್ಬೇಕು. ಹೋಲ್ಡಿಂಗ್ ಶಾರ್ಟ್ ಆಫ್ ರನ್‌ವೇ ಝೀರೋ ನೈನರ್ ಅಂತ. ರಾಜರ್ ಅಂದ್ರೆ ಸಾಲಲ್ಲ, ರಾಜರ್ ಅಂದ್ರೆ ಕೇಳಿಸ್ತು ಅಂತ ಅಷ್ಟೇ, ಏನು ಕೇಳಿಸ್ತು ಅಂತ ಅವರಿಗೆ ಗೊತ್ತಾಗಲ್ಲ. ಲೈನ್ ಅಪ್ ಅಂಡ್ ವೇಟ್ ಅಂದ್ರೆ ರನ್‌ವೇ ಮೇಲೆ ಹೋಗಿ ನಿಲ್ಲಿ, ಹೊರಡಬೇಡಿ. ಟೇಕಾಫ್ ಅನ್ನೋ ಶಬ್ದವನ್ನ ಟೇಕಾಫ್‌ಗೆ ಅನುಮತಿ ಕೊಡೋವಾಗ, ಅದನ್ನ ರದ್ದು ಮಾಡೋವಾಗ ಬಿಟ್ಟು ಬೇರೆಲ್ಲೂ ಬಳಸಬಾರದು, ಉಳಿದ ಕಡೆಯೆಲ್ಲಾ ಡಿಪಾರ್ಚರ್ ಅನ್ಬೇಕು. ಟೆನೆರಿಫೆ ಆದ್ಮೇಲೆ ಗಟ್ಟಿಯಾದ ಪದ್ಧತಿ ಇದು, ಅಷ್ಟು ಜನರ ಜೀವ ಕೊಟ್ಟು ಕಲಿತ ಪಾಠ, ಆರ್‌ಟಿಆರ್ (ರೇಡಿಯೋ ಬಳಕೆಯ ಲೈಸೆನ್ಸ್) ಪರೀಕ್ಷೆಗೆ ಮಾತ್ರ ಓದಿ ಬಿಡೋ ವಿಷಯ ಅಲ್ಲ.

2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಕೋಸ್ಟ್ ಗಾರ್ಡ್‌ನ ಡ್ಯಾಶ್ 8 ವಿಮಾನ ಭೂಕಂಪದ ಪರಿಹಾರ ಸಾಮಗ್ರಿ ತಗೊಂಡು ಹೊರಟಿತ್ತು. ಟವರ್‌ನವರು ನೀವು ನಂಬರ್ ಒನ್, ಹೋಲ್ಡಿಂಗ್ ಪಾಯಿಂಟ್‌ಗೆ ಬನ್ನಿ ಅಂದ್ರು. ಹೋಲ್ಡಿಂಗ್ ಪಾಯಿಂಟ್ ಅಂತ ರೀಡ್‌ಬ್ಯಾಕೂ ಸರಿಯಾಗೇ ಆಯ್ತು, ಆದ್ರೆ ಆ ವಿಮಾನ ರನ್‌ವೇ ಮೇಲೆ ಹೋಗಿ ನಿಂತಿತು, ಲ್ಯಾಂಡ್ ಆಗ್ತಿದ್ದ ಜಪಾನ್ ಏರ್‌ಲೈನ್ಸ್ ಎ350 ಬಂದು ಗುದ್ದಿತು. ದೊಡ್ಡ ವಿಮಾನದಲ್ಲಿದ್ದ 379 ಜನ ಎಲ್ಲರೂ ಇಳಿದು ಪಾರಾದ್ರು, ಸಣ್ಣದ್ರಲ್ಲಿದ್ದ ಆರು ಜನರಲ್ಲಿ ಐದು ಜನ ಹೋದ್ರು. ನಂಬರ್ ಒನ್ ಅನ್ನೋದು ಸರದಿ ಅಷ್ಟೇ, ಅನುಮತಿ ಅಲ್ಲ. ಎಕ್ಸ್‌ಪೆಕ್ಟ್ ಅನ್ನೋದೂ ಅನುಮತಿ ಅಲ್ಲ. ಬಾಯಲ್ಲಿ ಸರಿಯಾಗಿ ಹೇಳಿದ್ದನ್ನೇ ಕಾಲು ಮಾಡ್ತಿದೆಯಾ ಅಂತ ಗೆರೆ ಹತ್ರ ಇನ್ನೊಂದ್ಸಲ ಕೇಳ್ಕೊಳ್ಳಿ, ನಂಗೆ ಈ ಗೆರೆ ದಾಟೋಕೆ ಯಾರು, ಯಾವ ಶಬ್ದದಲ್ಲಿ ಹೇಳಿದ್ರು? ಉತ್ತರ ನೆನಪಾಗ್ಲಿಲ್ಲ ಅಂದ್ರೆ ಸೇ ಅಗೇನ್ ಅನ್ನಿ. ಒಂದೇ ಸ್ಕೂಲಿನ ವಿಮಾನಗಳ ರಿಜಿಸ್ಟ್ರೇಷನ್ ಒಂದಕ್ಕೊಂದು ಹೋಲೋ ಥರ ಇರತ್ತೆ, ಕೊನೇ ಅಕ್ಷರ ಒಂದೇ ಬೇರೆ. ಪಕ್ಕದವನ ಅನುಮತಿಯನ್ನ ನೀವು ಎತ್ಕೊಂಡು ಹೋಗೋದು ಅರ್ಧ ಸೆಕೆಂಡಿನ ಕೆಲಸ.

ಎಲ್ಲಾ ಸರಿ ಇದೆ ಅಂದ್ಮೇಲೂ ದಾಟೋಕೂ ಮುಂಚೆ ಫೈನಲ್ ಕಡೆ, ಅಂದ್ರೆ ಇಳಿಯೋ ವಿಮಾನ ರನ್‌ವೇಗೆ ನೇರವಾಗಿ ಬರೋ ಕಡೆ ನೋಡಿ. ಸೆಸ್ನಾದಲ್ಲಿ ರೆಕ್ಕೆ ಅಡ್ಡ ಬರತ್ತೆ, ಹಾಗಾಗಿ ಜಾಗ ಇದ್ರೆ ಮೂಗನ್ನ ಸ್ವಲ್ಪ ಫೈನಲ್ ಕಡೆಗೆ ಓರೆ ಮಾಡಿ ನಿಲ್ಸಿದ್ರೆ ಬೇಸ್ (ಫೈನಲ್‌ಗೆ ತಿರುಗೋಕೂ ಮುಂಚಿನ ದಾರಿ) ಮತ್ತೆ ಫೈನಲ್ ಎರಡೂ ಕಾಣತ್ತೆ. ರನ್‌ವೇಯ ಇನ್ನೊಂದು ತುದಿಯೂ ನೋಡಿ. ದಾಟೋವಾಗ ಇರೋ ಲೈಟೆಲ್ಲಾ ಆನ್. ಒಳಗೆ ಹೋದ್ಮೇಲೆ ಕಂಪಾಸ್ ನೋಡಿ ರನ್‌ವೇ ನಂಬರ್ ತಾಳೆ ಹಾಕಿ, ನಿಲ್ಲಿ ಅಂದಿದ್ರೆ ನಿಂತಿರೋವಾಗಲೂ ಕಿವಿ ರೇಡಿಯೋ ಮೇಲೆ, ಅದೇ ರನ್‌ವೇಗೆ ಇನ್ನೊಬ್ಬರಿಗೆ ಲ್ಯಾಂಡಿಂಗ್ ಕೊಟ್ಟಂಗೆ ಕೇಳಿಸಿದ್ರೆ ಸುಮ್ನೆ ಕೂರಬೇಡಿ, ನಾನು ಇಲ್ಲಿ ನಿಂತಿದ್ದೀನಿ ಅಂತ ತಕ್ಷಣ ಹೇಳಿ.

ರೇಡಿಯೋ ಕೆಟ್ಟು ಹೋದ್ರೆ ಟವರ್ ಕಡೆ ನೋಡಿ, ದೀಪ ತೋರಿಸ್ತಾರೆ. ನೆಲದ ಮೇಲಿರೋರಿಗೆ ಮಿಣುಕೋ ಹಸಿರು ಅಂದ್ರೆ ಟ್ಯಾಕ್ಸಿ ಮಾಡಿ, ನಿಂತ ಹಸಿರು ಟೇಕಾಫ್ ಮಾಡಿ, ನಿಂತ ಕೆಂಪು ನಿಲ್ಲಿ, ಮಿಣುಕೋ ಕೆಂಪು ರನ್‌ವೇಯಿಂದ ಆಚೆ ಹೋಗಿ, ಮಿಣುಕೋ ಬಿಳಿ ಹೊರಟ ಜಾಗಕ್ಕೇ ವಾಪಸ್.

ಮಂಜಿದ್ದಾಗ, ದಾರಿ ತಪ್ಪಿದಾಗ

ಸಕಲೇಶಪುರ ಮೂಡಿಗೆರೆ ಕಡೆಯವರಿಗೆ ಮಂಜು ಹೊಸದಲ್ಲ, ಅದಕ್ಕೇ ಹೇಳೋದು, ಮಂಜಲ್ಲಿ ಗಾಡಿ ಓಡಿಸಿ ರೂಢಿ ಇದೆ ಅನ್ನೋ ಧೈರ್ಯ ಇಲ್ಲಿ ಬೇಡ. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ದಟ್ಟ ಮಂಜು. ಒಂದು ಸಣ್ಣ ಸೈಟೇಶನ್ ಜೆಟ್‌ಗೆ ಆರ್ 5 ಟ್ಯಾಕ್ಸಿವೇಲಿ ಹೋಗಿ ಅಂದಿದ್ರು, ಅದು ಆರ್ 6ಕ್ಕೆ ತಿರುಗಿತು. ಆರ್ 6 ಸೀದಾ ರನ್‌ವೇಗೆ ಸೇರೋ ದಾರಿ. ನೆಲದ ರಾಡಾರ್ ಕೆಲಸ ಮಾಡ್ತಿರ್ಲಿಲ್ಲ. ಮಧ್ಯದಲ್ಲಿ ಪೈಲಟ್ ತಾನು ನೋಡಿದ ಒಂದು ಗುರುತಿನ ಹೆಸರು ಹೇಳಿದ್ರು, ಟವರ್‌ನಲ್ಲಿದ್ದವರಿಗೆ ಆ ಗುರುತು ಎಲ್ಲಿದೆ ಅಂತ ಗೊತ್ತಿರ್ಲಿಲ್ಲ, ಆದ್ರೂ ಮುಂದಕ್ಕೆ ಹೋಗಿ ಅಂದ್ರು. ಟೇಕಾಫ್ ಮಾಡ್ತಿದ್ದ ಎಸ್‌ಎಎಸ್ ಅನ್ನೋ ಏರ್‌ಲೈನ್ಸ್‌ನ ಪ್ಯಾಸೆಂಜರ್ ವಿಮಾನ ಬಂದು ಹೊಡೀತು, 118 ಜನ ಹೋದ್ರು.

ಆ ಗುರುತಿನ ಹತ್ರ ಎರಡು ಕಡೆಯವರಲ್ಲಿ ಒಬ್ಬರು ನಿಲ್ಸಿ ಮತ್ತೊಂದ್ಸಲ ಕೇಳಿದ್ರೆ ಆ ಸಾವುಗಳು ಆಗ್ತಿರ್ಲಿಲ್ಲ ಅಂತ ನಂಗೆ ಓದಿದಾಗಲೆಲ್ಲ ಅನ್ಸತ್ತೆ. ಬೋರ್ಡಿನ ಅಕ್ಷರ ನೀವು ಅಂದ್ಕೊಂಡಿದ್ದಕ್ಕೂ ಕಣ್ಣಿಗೆ ಕಂಡಿದ್ದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಅಲ್ಲೇ ನಿಲ್ಸಿ. ಏನು ಕಾಣ್ತಿದೆಯೋ ಅದನ್ನ ಹಾಗೇ ಹೇಳಿ, ಎಲ್ಲಿದ್ದೀನಿ ಅಂತ ಖಾತ್ರಿ ಇಲ್ಲ ಅಂತ ಬಿಚ್ಚು ಮನಸ್ಸಿಂದ ಹೇಳಿ, ಫಾಲೋ ಮಿ ಜೀಪ್ ಇದ್ರೆ ಕಳ್ಸಿ ಅನ್ನಿ. ನಾಚಿಕೆ ಪಡೋಕೆ ಏನೂ ಇಲ್ಲ. ಆದ್ರೆ ನಿಂತ ಜಾಗ ರನ್‌ವೇ ಮೇಲೆ ಅನ್ನೋ ಅನುಮಾನ ಬಂದ್ರೆ ಮಾತ್ರ ಲೆಕ್ಕ ಬೇರೆ. ಆಗ ರನ್‌ವೇ ಮೇಲೆ ಇರ್ಬೋದು ಅಂತ ತಕ್ಷಣ ಕೂಗಿ ಹೇಳಿ, ಹತ್ರದ ಟ್ಯಾಕ್ಸಿವೇಗೋ ಬೇರೆ ದಾರಿ ಇಲ್ಲದಿದ್ರೆ ಹುಲ್ಲಿಗೋ ಹೊರಗೆ ಬನ್ನಿ. ಹುಲ್ಲಲ್ಲಿ ಸಿಕ್ಕಾಕೊಂಡ ಸೆಸ್ನಾನ ಟ್ರ್ಯಾಕ್ಟರ್ ತಂದು ಎಳೀಬೋದು.

ಟವರ್ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ

ಇಲ್ಲಿ ಕಣ್ಣು ಮತ್ತೆ ರೇಡಿಯೋ ಎರಡೇ ಆಸರೆ. ಅಮೆರಿಕದ ಇಲಿನಾಯ್‌ನ ಕ್ವಿನ್ಸಿ ಅನ್ನೋ ಊರಲ್ಲಿ 1996ರ ನವೆಂಬರ್ 19ರಂದು ಆಗಿದ್ದನ್ನ ಪ್ರತಿಯೊಬ್ಬ ಸ್ಟೂಡೆಂಟ್‌ಗೂ ಹೇಳ್ಬೇಕು. ಅಲ್ಲಿ ಟವರ್ ಇರ್ಲಿಲ್ಲ, ರನ್‌ವೇಗಳು ಒಂದನ್ನೊಂದು ಅಡ್ಡ ಹಾಯ್ತಿದ್ವು. ಬೀಚ್ 1900 ಅನ್ನೋ ಪ್ಯಾಸೆಂಜರ್ ವಿಮಾನ ಲ್ಯಾಂಡಿಂಗ್‌ಗೆ ಬರ್ತಿತ್ತು. ಇನ್ನೊಂದು ರನ್‌ವೇ ತುದೀಲಿ ಒಂದು ಕಿಂಗ್ ಏರ್, ಅದರ ಹಿಂದೆ ಒಂದು ಸಣ್ಣ ಚೆರೊಕಿ. ಲ್ಯಾಂಡ್ ಆಗ್ತಿದ್ದವರು, ರನ್‌ವೇ ಮೇಲೆ ಇರೋರು ಅಲ್ಲೇ ನಿಂತಿರ್ತೀರಾ ಇಲ್ಲಾ ಹೊರಡ್ತೀರಾ ಅಂತ ಕೇಳಿದ್ರು. ಕಿಂಗ್ ಏರ್ ಬಾಯಿ ಬಿಡ್ಲಿಲ್ಲ. ಹಿಂದಿದ್ದ ಚೆರೊಕಿ ಪೈಲಟ್ ನಾನು ಹೋಲ್ಡ್ ಮಾಡ್ತಿದ್ದೀನಿ ಅಂದ್ರು, ಆ ಮಾತು ಪೂರ್ತಿ ಕೇಳಿಸ್ಲಿಲ್ಲ, ಬೀಚ್‌ನವರು ಅದು ಕಿಂಗ್ ಏರ್‌ದೇ ಉತ್ತರ ಅಂದ್ಕೊಂಡು ಇಳಿದ್ರು. ಕಿಂಗ್ ಏರ್ ಹೊರಟು ಬಿಡ್ತು. ಎರಡೂ ಸೇರೋ ಜಾಗದಲ್ಲಿ ಡಿಕ್ಕಿ. ಬೆಂಕಿ ಹತ್ತಿತು, ಓಡಿ ಬಂದವರು ಎಷ್ಟು ಎಳೆದ್ರೂ ಬೀಚ್ ವಿಮಾನದ ಬಾಗಿಲು ತೆಗೆಯೋಕಾಗ್ಲಿಲ್ಲ. ಒಟ್ಟು 14 ಜನ ಹೋದ್ರು. ರೇಡಿಯೋ ಗಮನಿಸದೇ, ಸರಿಯಾಗಿ ನೋಡದೇ ಹೊರಟಿದ್ದು ಕಿಂಗ್ ಏರ್‌ನವರ ತಪ್ಪು ಅಂತ ತನಿಖೆ ಹೇಳಿತು.

ಇದ್ರಿಂದ ಮಾಡ್ಬೇಕಾದ್ದು ಏನಂದ್ರೆ, ಎಂಜಿನ್ ಸ್ಟಾರ್ಟ್ ಆದ್ಮೇಲೆ ರೇಡಿಯೋ ಚೆಕ್ ಮಾಡಿ ವಾಲ್ಯೂಮ್ ಏರಿಸಿ, ಸ್ವಲ್ಪ ಹೊತ್ತು ಬರೀ ಕೇಳಿ. ಪ್ರತಿ ಕಾಲ್‌ನಲ್ಲೂ ನೀವು ಯಾರು, ಎಲ್ಲಿದ್ದೀರಿ, ಯಾವ ರನ್‌ವೇ, ಏನ್ ಮಾಡ್ತೀರಿ ಅನ್ನೋದಿರ್ಲಿ. ಮಾತು ಅರ್ಧಕ್ಕೆ ಕಟ್ ಆಯ್ತು, ಇಬ್ಬರು ಒಟ್ಟಿಗೆ ಒತ್ತಿ ಕೀಂ ಅಂತ ಸದ್ದು ಬಂತು ಅಂದ್ರೆ ಆ ಉತ್ತರ ಬಂದೇ ಇಲ್ಲ ಅಂತ ತಿಳ್ಕೊಂಡು ಮತ್ತೆ ಕೇಳಿ. ಉತ್ತರ ಬಾರದೇ ಇದ್ರೆ ಅಲ್ಲಿ ಯಾರೂ ಇಲ್ಲ ಅಂತಲ್ಲ, ಅವನ ರೇಡಿಯೋ ಬೇರೆ ಫ್ರೀಕ್ವೆನ್ಸಿಲಿ ಇರ್ಬೋದು. ಗಾಳಿ ಇಲ್ಲದ ದಿನ ಇನ್ನೂ ಹುಷಾರು, ಒಬ್ಬ 09ರಿಂದ ಹೊರಡ್ತಾನೆ ಇನ್ನೊಬ್ಬ 27ಕ್ಕೆ ಇಳೀತಾನೆ. ರನ್‌ವೇ ಮಧ್ಯೆ ಉಬ್ಬು ಇದ್ರೆ ಆ ತುದಿ ಕಾಣೋದೇ ಇಲ್ಲ.

ಇಳಿದ್ಮೇಲೆ

ಲ್ಯಾಂಡಿಂಗ್ ಚೆನ್ನಾಗಿ ಆಯ್ತು ಅನ್ನೋ ಖುಷೀಲಿ ಗಮನ ಜಾರೋ ಹೊತ್ತು ಇದು. ರನ್‌ವೇ ಮೇಲೆ ಕೂತು ಫ್ಲಾಪ್ ಎತ್ತೋದು, ಟ್ರಿಮ್ ತಿರುಗಿಸೋದು ಬೇಡ. ಹೊರಗೆ ಬನ್ನಿ, ಬಾಲ ಪೂರ್ತಿ ಆ ಹಳದಿ ಗೆರೆ ದಾಟೋವರೆಗೂ ನಿಲ್ಲಬೇಡಿ, ದಾಟಿದ್ಮೇಲೆ ನಿಂತು ಚೆಕ್‌ಲಿಸ್ಟ್ ಮಾಡಿ. ಟ್ಯಾಕ್ಸಿವೇ ತಪ್ಪಿಸ್ಕೊಂಡ್ರೆ ಹೇಳದೇ ಕೇಳದೇ ರನ್‌ವೇ ಮೇಲೆ ಹಿಂದಕ್ಕೆ ತಿರುಗಬೇಡಿ.

ಪಾರ್ಕ್ ಮಾಡಿದ್ಮೇಲೂ ಡಿಕ್ಕಿ ಆಗತ್ತೆ. ನಮ್ಮ ಕಡೆ ಆಷಾಢದ ಗಾಳಿ ಹೇಗೆ ಬೀಸತ್ತೆ ಅಂತ ನಿಮ್ಗೆ ಹೇಳ್ಬೇಕಾಗಿಲ್ಲ, ಹಗ್ಗ ಕಟ್ಟದ ಸೆಸ್ನಾ ಅಂಥ ಗಾಳಿಗೆ ಪಕ್ಕದ ವಿಮಾನದ ಮೇಲೆ ಹೋಗಿ ಕೂರತ್ತೆ. ಐದೇ ನಿಮಿಷದಲ್ಲಿ ಬರ್ತೀನಿ ಅಂತ ಹೋಗೋದಿದ್ರೂ ಚಾಕ್ ಇಡಿ, ರೆಕ್ಕೆ ಎರಡಕ್ಕೂ ಬಾಲಕ್ಕೂ ಹಗ್ಗ ಕಟ್ಟಿ, ಕಂಟ್ರೋಲ್ ಲಾಕ್ ಹಾಕಿ.

ಇಷ್ಟೆಲ್ಲಾ ಮಾಡಿಯೂ ರೆಕ್ಕೆ ತುದಿ ಎಲ್ಲೋ ಸವರಿತು ಅನ್ಕೊಳ್ಳಿ. ಗೀರು ಅಷ್ಟೇ, ಯಾರೂ ನೋಡ್ಲಿಲ್ಲ ಅಂತ ಬಟ್ಟೇಲಿ ಒರೆಸಿ ಹೋಗ್ಬೇಡಿ. ಡೈಮಂಡ್ ಥರ ಕಾಂಪೊಸಿಟ್ (ಫೈಬರ್ ಪದರಗಳಿಂದ ಮಾಡಿರೋ) ವಿಮಾನದಲ್ಲಿ ಮೇಲೆ ಬಣ್ಣ ಕೂಡ ಹೋಗಿರಲ್ಲ, ಒಳಗಡೆ ಪದರ ಬಿಟ್ಟಿರ್ಬೋದು. ಪ್ರೊಪೆಲ್ಲರ್ ಏನಕ್ಕಾದ್ರೂ ತಗುಲಿದ್ರೆ ಐಡಲ್‌ನಲ್ಲೇ ಇದ್ರೂ ಎಂಜಿನ್ ಒಳಗೆ ಪರೀಕ್ಷೆ ಆಗ್ಲೇಬೇಕು. ಅವತ್ತೇ ಇನ್ಸ್ಟ್ರಕ್ಟರ್‌ಗೆ, ಎಂಜಿನಿಯರ್‌ಗೆ ಹೇಳಿ, ಲಾಗ್‌ನಲ್ಲಿ ಬರೀರಿ. ಬೈತಾರೆ, ಬೈಸ್ಕೊಳ್ಳಿ. ಎಂಜಿನಿಯರ್ ನೋಡಿ ಸಹಿ ಹಾಕೋವರೆಗೂ ಆ ವಿಮಾನವನ್ನ ನಿಮ್ಮ ನಂತರದ ಸ್ಲಾಟ್‌ನ ಹುಡುಗಿಗೆ ಕೊಡೋಕೆ ಬಿಡಬೇಡಿ.